ಪಾಲು ಕಡಿಮೆ ಆಗಿದ್ದು ಯಾರಿಂದ?

ನೋಡಿ, ಕೇಂದ್ರವು ರಾಜ್ಯಗಳಿಗೆ ಹಂಚುವ ಪ್ರತಿ ನೂರು ರೂಪಾಯಿ ತೆರಿಗೆಯಲ್ಲಿ ಕರ್ನಾಟಕಕ್ಕೆ 14ನೇ ಹಣಕಾಸು ಆಯೋಗ ಕೊಟ್ಟಿದ್ದು 4 ರೂಪಾಯಿ 71 ಪೈಸೆ. 15ನೇ ಆಯೋಗ ಅದನ್ನ 3 ರೂಪಾಯಿ 65 ಪೈಸೆಗೆ ಇಳಿಸಿತು. ಯಾಕೆ? ತಲಾ ಆದಾಯ ಹೆಚ್ಚಿದ್ದರೆ ಪಾಲು ಕಡಿಮೆ ಅನ್ನೋದು ಸೂತ್ರ; 15ನೇ ಆಯೋಗ ಅದೊಂದಕ್ಕೇ ನೂರಕ್ಕೆ 45 ಅಂಕ ಇಟ್ಟಿತ್ತು. ಬೆಂಗಳೂರಿನ ಐಟಿ ಸಂಬಳ ಇಡೀ ರಾಜ್ಯದ ಸರಾಸರಿಯನ್ನ ಮೇಲೆತ್ತುತ್ತೆ. ಲೆಕ್ಕದಲ್ಲಿ ರಾಯಚೂರಿನ ಕೂಲಿಯೂ ಶ್ರೀಮಂತ!

ಹಾಗಾದರೆ ತಪ್ಪು ಯಾರದು? ಸೂತ್ರ ಆಯೋಗದ್ದು. ಆದರೆ ನಷ್ಟ ತುಂಬಲು 2020-21ಕ್ಕೆ 5,495 ಕೋಟಿ ವಿಶೇಷ ಅನುದಾನವನ್ನ ಅದೇ ಆಯೋಗ ಶಿಫಾರಸು ಮಾಡಿತ್ತು. ಒಪ್ಪದೇ ಇದ್ದದ್ದು ಕೇಂದ್ರ ಸರ್ಕಾರ. 2019ರಲ್ಲಿ ನಾವು ಗೆಲ್ಲಿಸಿದ 28 ಸಂಸದರಲ್ಲಿ 25 ಮಂದಿ ಬಿಜೆಪಿಯವರು. ಪಟ್ಟು ಹಿಡಿಯಬೇಕಿದ್ದವರು ಅವರೇ.

2024ರ ಫೆಬ್ರವರಿಯಲ್ಲಿ ಸಿದ್ದರಾಮಯ್ಯ ಸರ್ಕಾರ ಜಂತರ್ ಮಂತರ್‌ನಲ್ಲಿ ಕೂತಿದ್ದು ಸರಿ. ಆದರೆ ಸ್ವಾಮಿ, ಹಂಚಿಕೊಳ್ಳುವ ಪಾಠ ದೆಹಲಿಗೆ ಮಾತ್ರಾನಾ? ಅವತ್ತು ಅಂಜನಾಪುರ ವಾರ್ಡ್‌ಗೆ ಕಾರ್ಪೊರೇಟರ್ ಇರಲಿಲ್ಲ. ಬಿಬಿಎಂಪಿ ಸದಸ್ಯರ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಬಿಜೆಪಿ ಹೋಯಿತು, ಕಾಂಗ್ರೆಸ್ ಬಂತು, ಚುನಾವಣೆ ಮಾತ್ರ ಬರಲಿಲ್ಲ.

ಮತ ಕೇಳೋಕೆ ಬಂದವರಿಗೆ ಎರಡೂ ಲೆಕ್ಕ ಕೇಳಿ: ದೆಹಲಿಯಿಂದ ಎಷ್ಟು ತಂದಿರಿ, ವಾರ್ಡ್‌ಗೆ ಎಷ್ಟು ಬಿಟ್ಟಿರಿ?