ತುಳಜಾಪುರದ ದಾರಿ: ಹರಕೆಯ ನಡಿಗೆಯೂ ಕಾಲಿನ ಕಾಳಜಿಯೂ

ಬಾಲಾಘಾಟ ಬೆಟ್ಟಸಾಲಿನಲ್ಲಿ ನೆಲೆಸಿರುವ ತುಳಜಾಪುರದ ಭವಾನಿ ಶಿವಾಜಿ ಮಹಾರಾಜರ ಕುಲದೇವತೆಯೆಂದು ಪ್ರಸಿದ್ಧಳಾಗಿದ್ದರೂ, ಬೀದರ, ಕಲಬುರಗಿ ಜಿಲ್ಲೆಗಳ ಮತ್ತು ಗಡಿಯಾಚೆಯ ಉದಗೀರ, ನಿಲಂಗಾ, ಉಮರ್ಗಾ ಸೀಮೆಯ ಅನೇಕ ಕನ್ನಡ ಮನೆತನಗಳಿಗೂ ಅವಳೇ ಮನೆದೇವರು. ವಿಜಯದಶಮಿಯಂದು ಸೀಮೋಲ್ಲಂಘನ, ಎಂದರೆ ಪಲ್ಲಕ್ಕಿಯಲ್ಲಿ ಎಲ್ಲೆ ದಾಟುವ ವಿಧಿ, ಮುಗಿದ ಬಳಿಕ ದೇವಿಯ ಮೂರ್ತಿಯನ್ನು ಮಂಚದ ಮೇಲೆ ಮಲಗಿಸುತ್ತಾರೆ. ಈ ನಿದ್ರೆ ಮುಗಿದು ಆಶ್ವಯುಜ ಹುಣ್ಣಿಮೆಯಂದು ಮೂರ್ತಿ ಮತ್ತೆ ಸಿಂಹಾಸನವೇರುತ್ತದೆ. ಕನ್ನಡಿಗರು ಶೀಗಿ ಹುಣ್ಣಿಮೆಯೆಂದೂ ಮರಾಠಿಗರು ಕೋಜಾಗಿರಿಯೆಂದೂ ಕರೆಯುವ ಆ ದಿನದ ದರ್ಶನಕ್ಕಾಗಿ ಸಾವಿರಾರು ಜನ ನಡೆದೇ ಹೋಗುತ್ತಾರೆ.

ಉದಗೀರ ಮತ್ತು ನಿಲಂಗಾ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೇ ಸೇರಿದ್ದವು. ಅವು ಇಂದು 1982ರಲ್ಲಿ ರಚನೆಯಾದ ಲಾತೂರ ಜಿಲ್ಲೆಯಲ್ಲಿವೆ. ಆಡಳಿತದ ಗೆರೆ ಬದಲಾದರೂ ನಡಿಗೆಯ ದಾರಿ ಬದಲಾಗಲಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಕೇಳುವ 'ಉಧೋ ಉಧೋ' ಎಂಬ ಘೋಷವೇ ತುಳಜಾಪುರದ ದಾರಿಯಲ್ಲೂ ಕೇಳಿಬರುವುದರಿಂದ, ಜೊತೆಗೆ ನಡೆಯುವವರ ಭಾಷೆ ಕನ್ನಡವೋ ಮರಾಠಿಯೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಉಮರ್ಗಾದಿಂದ ತುಳಜಾಪುರ ಸುಮಾರು 80 ಕಿಲೋಮೀಟರು ದೂರದಲ್ಲಿದೆ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲಿ ಯೇಣೆಗೂರು, ಜಳಕೋಟಗಳನ್ನು ದಾಟಿ, ಬೋರಿ ನದಿಯ ದಂಡೆಯ ಕೋಟೆಗೆ ಹೆಸರಾದ ನಳದುರ್ಗವನ್ನು ತಲುಪಿ, ಅಲ್ಲಿಂದ ತುಳಜಾಪುರದ ಕಡೆಗೆ ತಿರುಗಬೇಕು. ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ದಿನಕ್ಕೆ ಏಳು ತಾಸು ನಡೆದರೂ ಮೂರು ದಿನ ಸಾಕು. ಮೊದಲ ದಿನದ ಹುರುಪಿನಲ್ಲಿ ನಲವತ್ತು ಕಿಲೋಮೀಟರು ನಡೆದವರು ಎರಡನೆಯ ದಿನ ಕುಂಟುವುದು ಸಾಮಾನ್ಯವಾದ್ದರಿಂದ, ಹೊರಡುವುದಕ್ಕೆ ಒಂದು ತಿಂಗಳು ಮುಂಚೆಯೇ ದಿನವೂ ನಡೆಯುತ್ತ ದೂರವನ್ನು ಮೆಲ್ಲಗೆ ಹೆಚ್ಚಿಸಿಕೊಳ್ಳುವುದು ಒಳಿತು.

ಪಾದಯಾತ್ರೆಯನ್ನು ಕೆಡಿಸುವ ಮೊದಲ ಶತ್ರು ನೀರ್ಗುಳ್ಳೆ. ತೇವವಾದ ಚರ್ಮ ಪಾದರಕ್ಷೆಗೆ ಉಜ್ಜಿದಾಗ ಚರ್ಮದ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬಿಕೊಳ್ಳುವುದರಿಂದ ಅದು ಏಳುತ್ತದೆ. ಆದ್ದರಿಂದ ಹೊಸ ಬೂಟು, ಹೊಸ ಚಪ್ಪಲಿಗಳಲ್ಲಿ ಹೊರಡದೆ ಕಾಲಿಗೆ ಹೊಂದಿಕೊಂಡವನ್ನೇ ಧರಿಸಬೇಕು. ತಂಗಿದಲ್ಲೆಲ್ಲ ಪಾದಗಳನ್ನು ಒರೆಸಿ ಒಣಗಿಸಬೇಕು. ಚರ್ಮ ಉರಿಯತೊಡಗಿದ ಕ್ಷಣವೇ ಅಲ್ಲಿ ಪಟ್ಟಿ ಅಂಟಿಸಬೇಕು. ಎದ್ದ ಗುಳ್ಳೆಯನ್ನು ಒಡೆದರೆ ನಂಜೇರುವ ಭಯವಿರುವುದರಿಂದ ಅದನ್ನು ಮುಚ್ಚಿಟ್ಟು ಕಾಪಾಡಬೇಕು. ಬರಿಗಾಲಿನ ಹರಕೆ ಹೊತ್ತವರು ಡಾಂಬರು ಕಾಯುವ ಮೊದಲೇ, ನಸುಕಿನಲ್ಲಿ ಹೆಚ್ಚು ದೂರ ಕ್ರಮಿಸುವುದು ಲೇಸು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶಜ್ಞಾನ ಕುಂದಿ ಗಾಯ ತಿಳಿಯದೆ ಹೋಗಬಹುದಾದ್ದರಿಂದ, ಅವರು ಬರಿಗಾಲಲ್ಲಿ ನಡೆಯಲೇಬಾರದು. ಪ್ರತಿ ರಾತ್ರಿ ಅಂಗಾಲನ್ನು ಪರೀಕ್ಷಿಸಿಕೊಳ್ಳಲೇಬೇಕು.

ಮಳೆಗಾಲ ಹಿಂದೆ ಸರಿದ ಮೇಲಿನ ಬಿಸಿಲು ಈ ಬಯಲುಸೀಮೆಯಲ್ಲಿ ಚುರುಕಾಗಿರುತ್ತದೆ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕ ದಣಿದ ದೇಹವನ್ನು ಕಾಯುತ್ತದೆ. ಇಲ್ಲಿ ಅಳತೆಗೆ ಚಹದ ಚಮಚವನ್ನೇ ಬಳಸಬೇಕು. ಈ ಸೀಮೆಯ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ, ಎಂದರೆ ಶೇಂಗಾ ಚಟ್ನಿಪುಡಿ, ಹಲವು ದಿನ ಕೆಡದ ಬುತ್ತಿಯಾದ್ದರಿಂದ ಚೀಲದಲ್ಲಿರಲೇಬೇಕು. ದಾರಿಯಲ್ಲಿ ಭಕ್ತರು ಹಾಕಿದ ಡೇರೆಗಳಲ್ಲಿ ಚಹ, ಫಲಾಹಾರ, ಊಟ ಸಿಗುತ್ತವೆ. ಅದನ್ನು ಸೇವೆಯೆಂದು ಕೊಡುವವರ ಅಂಗಳದಲ್ಲಿ ತಟ್ಟೆ, ಲೋಟಗಳನ್ನು ಚೆಲ್ಲಿ ಹೋಗದಿರುವುದು ಯಾತ್ರಿಕರ ಕರ್ತವ್ಯ.

ಹೆದ್ದಾರಿಯಲ್ಲಿ ರಾತ್ರಿ ನಡೆಯುವುದು ತಂಪಾದರೂ ಅಪಾಯಕರ. ಕಾಲುದಾರಿಯಿಲ್ಲದ ಕಡೆ ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರಾಗಿ ಸಾಗಬೇಕು. ಬೆನ್ನಿನ ಚೀಲಕ್ಕೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ, ಗುಂಪಿನ ಮುಂದೆ ಮತ್ತು ಹಿಂದೆ ಬ್ಯಾಟರಿ ಹಿಡಿದವರಿರಬೇಕು. ತುಳಜಾಪುರದ ಗುಡಿ ಊರಿಗಿಂತ ತಗ್ಗಿನಲ್ಲಿರುವುದರಿಂದ ಮಹಾದ್ವಾರದಿಂದ ಮೆಟ್ಟಿಲು ಇಳಿದು, ಕಲ್ಲೋಳ ತೀರ್ಥವೆಂಬ ಪುಷ್ಕರಣಿಯನ್ನು ದಾಟಿ ಹೋಗಬೇಕು. ದಣಿದ ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟವಾದ್ದರಿಂದ, ಊರು ಮುಟ್ಟಿದೊಡನೆ ಸಾಲಿಗೆ ನಿಲ್ಲದೆ ತುಸು ವಿಶ್ರಮಿಸುವುದು ಹಿತ.

ದೇಹವನ್ನು ದಂಡಿಸಿದಷ್ಟೂ ಪುಣ್ಯ ಹೆಚ್ಚೆಂದು ನಂಬಿದ ಕಿರಿಯರು ನೋವನ್ನು ಬಚ್ಚಿಟ್ಟುಕೊಂಡು ನಡೆಯುತ್ತಾರೆ. ಕಾಲು ಸೋತಲ್ಲಿ ಬಸ್ಸು ಹತ್ತಿದರೆ ಹರಕೆ ಕೆಡುವುದಿಲ್ಲವೆಂಬ ಮಾತನ್ನು, ಪ್ರತಿ ಗುಂಪಿನ ಹಿರಿಯರು ಮನೆಯ ಹೊಸ್ತಿಲು ದಾಟುವ ಮುನ್ನವೇ ಎಲ್ಲರಿಗೂ ಕೇಳುವಂತೆ ಹೇಳಬೇಕು.