ಅಲೆಯನ್ನು ಅಡಗಿಸುವ ಹಗುರ ವಸ್ತು

ಕೆರೆಯ ಅಲೆಯು ಏರಿಯ ಕಲ್ಲಿಗೆ ಬಡಿದರೆ ಹಿಂದಿರುಗುತ್ತದೆ. ಜೊಂಡಿನೊಳಗೆ ನುಗ್ಗಿದರೆ ದಂಟುಗಳಿಗೆ ತಾಗಿ ತಾಗಿ ಅಲ್ಲಿಯೇ ಅಡಗುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮತರಂಗಗಳನ್ನು ತಡೆಯುವುದಕ್ಕೂ ಈ ಎರಡೇ ಮಾರ್ಗಗಳು: ಪ್ರತಿಫಲನ ಮತ್ತು ಹೀರಿಕೆ.

ರಾಡಾರ್, ಮೊಬೈಲ್ ದೂರವಾಣಿ, ಉಪಗ್ರಹ ಸಂಪರ್ಕ ಇವೆಲ್ಲವೂ ಸೂಕ್ಷ್ಮತರಂಗಗಳನ್ನು ಅವಲಂಬಿಸಿವೆ. ಸೆಕೆಂಡಿಗೆ ಸಾವಿರ ಕೋಟಿ ಬಾರಿ ಕಂಪಿಸುವ ತರಂಗದ ಉದ್ದವು ಸುಮಾರು 3 ಸೆಂಟಿಮೀಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಗೆ ಹಳೆಯ ಪರಂಪರೆಯುಂಟು. 1953ರಲ್ಲಿ ಅಮೆರಿಕದಿಂದ ಡಾಕ್ಟರೇಟ್ ಪಡೆದು ಮರಳಿದ ರಾಜೇಶ್ವರಿ ಚಟರ್ಜಿಯವರು ಅಲ್ಲಿ ಸೂಕ್ಷ್ಮತರಂಗಗಳ ಬೋಧನೆ, ಸಂಶೋಧನೆಗಳನ್ನು ಬಹುಕಾಲ ನಡೆಸಿದರು.

ಒಂದು ಉಪಕರಣದಿಂದ ಹೊರಟ ತರಂಗವು ಮತ್ತೊಂದನ್ನು ಹೊಕ್ಕು ಅದರ ಸಂಕೇತವನ್ನು ಕೆಡಿಸಬಲ್ಲದು. ವಿಮಾನದಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಇಂತಹ ಕೆಡುಕು ಪ್ರಾಣಾಂತಕವಾಗಬಹುದು. ಲೋಹದ ಹೊದಿಕೆ ಹಾಕಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಲೋಹವು ತರಂಗವನ್ನು ತಡೆಯುವುದೇನೋ ನಿಜ. ಆದರೆ ಅದನ್ನು ಬಹುಮಟ್ಟಿಗೆ ಪ್ರತಿಫಲಿಸಿ ನೆರೆಯ ಉಪಕರಣದ ಕಡೆಗೆ ಅಟ್ಟುತ್ತದೆ. ಮೇಲಾಗಿ ಅದು ಭಾರ: ಉಕ್ಕಿನ ಸಾಂದ್ರತೆ ನೀರಿನ ಸುಮಾರು 7.8 ಪಟ್ಟು, ಅನೇಕ ಪ್ಲಾಸ್ಟಿಕ್ಕುಗಳದು 1.2ರ ಆಸುಪಾಸು.

ಬರಿಯ ಪ್ಲಾಸ್ಟಿಕ್ಕಾದರೋ ತರಂಗವನ್ನು ತಡೆಯದೆ ದಾಟಗೊಡುತ್ತದೆ. ಆದಕಾರಣ ಬೇಕಾಗಿರುವುದು ನಡುವಣ ಗುಣದ ವಸ್ತು: ತರಂಗವನ್ನು ಒಳಕ್ಕೆ ಬಿಟ್ಟುಕೊಳ್ಳಬೇಕು, ಒಳಹೊಕ್ಕುದನ್ನು ಹೊರಕ್ಕೆ ಬಿಡಬಾರದು.

ಇದೇ ಸಂಸ್ಥೆಯ ವಸ್ತು ಅಭಿಯಂತ್ರಣ ವಿಭಾಗದಲ್ಲಿ ಸೂರ್ಯಸಾರಥಿ ಬೋಸ್ ಮತ್ತು ಸಂಗಡಿಗರು 2010ರ ದಶಕದಲ್ಲಿ ಈ ದಿಕ್ಕಿನಲ್ಲಿ ಶ್ರಮಿಸಿದರು. ಪ್ಲಾಸ್ಟಿಕ್ಕಿನಲ್ಲಿ ಇಂಗಾಲದ ನ್ಯಾನೊ ಕೊಳವೆಗಳನ್ನು ನೂರಕ್ಕೆ ಕೆಲವೇ ಪಾಲು ಬೆರೆಸಿದರೆ ಅವು ಒಂದನ್ನೊಂದು ತಾಗಿ ವಿದ್ಯುತ್ತಿಗೆ ದಾರಿಯಾಗುವ ಬಲೆಯನ್ನು ಹೆಣೆಯುತ್ತವೆ. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಒಂದರೊಳಗೊಂದು ಕರಗದ ಎರಡು ಪ್ಲಾಸ್ಟಿಕ್ಕುಗಳನ್ನು ಬೆರೆಸಿದಾಗ ಕೊಳವೆಗಳು ಒಂದರಲ್ಲಿಯೇ ನೆಲಸುವಂತೆ ಮಾಡಬಹುದು. ಆಗ ಇನ್ನೂ ಅಲ್ಪ ಪ್ರಮಾಣವೇ ಸಾಕು. ಜೊತೆಗೆ ಫೆರೈಟಿನಂತಹ ಕಾಂತೀಯ ಕಣಗಳನ್ನು ಸೇರಿಸಿದರೆ, ಕೊಳವೆಗಳು ತರಂಗದ ವಿದ್ಯುತ್ ಅಂಶವನ್ನೂ ಕಣಗಳು ಕಾಂತೀಯ ಅಂಶವನ್ನೂ ಕುಗ್ಗಿಸುತ್ತವೆ.

ಇಂತಹ ತಡೆಯನ್ನು ಡೆಸಿಬೆಲ್ಲುಗಳಲ್ಲಿ ಅಳೆಯುತ್ತಾರೆ. 20 ಡೆಸಿಬೆಲ್ ಎಂದರೆ ಶಕ್ತಿಯ ನೂರರಲ್ಲೊಂದು ಪಾಲು, 30 ಎಂದರೆ ಸಾವಿರದಲ್ಲೊಂದು ಪಾಲು ಮಾತ್ರ ಆಚೆಗೆ ದಾಟುತ್ತದೆ.

ಕೊಳವೆಗಳು ಗಂಟುಕಟ್ಟಿಕೊಳ್ಳುವ ಸ್ವಭಾವದವು. ಅವನ್ನು ಸಮನಾಗಿ ಹರಡುವುದೇ ಕಠಿಣ ಕೆಲಸ. ಅವು ಮಿತಿಮೀರಿದರೆ ವಸ್ತುವು ಲೋಹದಂತೆಯೇ ಪ್ರತಿಫಲಿಸತೊಡಗುತ್ತದೆ. ಹೀರಿದ ಶಕ್ತಿಯೂ ನಾಶವಾಗದು, ಉಷ್ಣವಾಗಿ ಮಾರ್ಪಡುತ್ತದೆ. ಒಳ್ಳೆಯ ಹೀರುಗವನ್ನು ರೂಪಿಸುವವರು ತರಂಗಕ್ಕೆ ಬಾಗಿಲನ್ನು ಎಷ್ಟು ತೆರೆಯಬೇಕೆಂಬುದನ್ನು ಮೊದಲು ಅರಿಯಬೇಕು.