ಗಾಳಿ ಹೋದರೂ ಹಿಡಿಯುವ ಬ್ರೇಕ್

ಪೀಣ್ಯದ ಕಾರ್ಖಾನೆಗಳಿಗೆ ಉಕ್ಕು ತರುವ ಲಾರಿ, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದೊಡ್ಡ ಬಸ್ಸು, ಇವೆರಡನ್ನೂ ನಿಲ್ಲಿಸುವುದು ಒತ್ತಡದ ಗಾಳಿ. ಎಂಜಿನ್ನಿನಿಂದ ಓಡುವ ಕಂಪ್ರೆಸರ್ ಈ ಗಾಳಿಯನ್ನು ಟ್ಯಾಂಕುಗಳಿಗೆ ತುಂಬುತ್ತದೆ. ಪೆಡಲ್ ತುಳಿದಾಗ ಅದು ಚಕ್ರದ ಬಳಿಯ ಬ್ರೇಕ್ ಚೇಂಬರಿಗೆ ನುಗ್ಗಿ, ಅಲ್ಲಿನ ದಂಡವನ್ನು ತಳ್ಳಿ, ಲೈನರುಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಹಿಂಬದಿಯ ಚೇಂಬರುಗಳಲ್ಲಿ ಬಲವಾದ ಸ್ಪ್ರಿಂಗೂ ಇರುತ್ತದೆ. ಅದನ್ನು ಗಾಳಿ ಅದುಮಿಟ್ಟಿರುವಷ್ಟು ಹೊತ್ತು ಚಕ್ರ ಉರುಳುತ್ತದೆ; ಗಾಳಿ ಸೋರಿಹೋದರೆ ಸ್ಪ್ರಿಂಗ್ ಚಾಚಿಕೊಂಡು ಚಕ್ರವನ್ನು ಹಿಡಿಯುತ್ತದೆ. ಆದ್ದರಿಂದ ಗಾಳಿ ಇದ್ದಾಗ ಗಾಡಿ ಹೇಗೆ ನಿಲ್ಲುತ್ತದೆ, ಇಲ್ಲದಾಗ ಹೇಗೆ ನಿಲ್ಲುತ್ತದೆ ಎಂಬ ಎರಡನ್ನೂ ಪರೀಕ್ಷಿಸಬೇಕಾಗುತ್ತದೆ.

ಗಾಡಿ ಹೊರಡುವ ಮುನ್ನ ಮಾಡುವ ಪರೀಕ್ಷೆಗೆ ಯಂತ್ರ ಬೇಡ. ಚಕ್ರಗಳಿಗೆ ಅಡೆ ಕೊಟ್ಟು, ಮೀಟರ್ ಮುಳ್ಳು ಸುಮಾರು 8 ಬಾರ್‌ಗೆ, ಅಂದರೆ ಚಾಲಕರ ಮಾತಿನ 8 ಕೆಜಿಗೆ ಏರುವವರೆಗೆ ಗಾಳಿ ತುಂಬಿಸಬೇಕು. ಎಂಜಿನ್ ನಿಲ್ಲಿಸಿ, ಪೆಡಲನ್ನು ಒಂದು ನಿಮಿಷ ತುಳಿದು ಹಿಡಿಯಬೇಕು. ಮುಳ್ಳು ಇಳಿಯುತ್ತಲೇ ಹೋದರೆ ಎಲ್ಲೋ ಲೀಕ್ ಇದೆ. ಕೊಳವೆಯ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಜಾಗ ತಿಳಿಯುತ್ತದೆ. ಬಳಿಕ ಪೆಡಲನ್ನು ಪದೇಪದೇ ತುಳಿದು ಗಾಳಿ ಖಾಲಿ ಮಾಡಿದಾಗ ಮೊದಲು ಬಜರ್ ಕೂಗಬೇಕು, ಒತ್ತಡ ಇನ್ನೂ ಇಳಿದಾಗ ಸ್ಪ್ರಿಂಗ್ ಬ್ರೇಕ್ ತಾನಾಗಿ ಹಿಡಿಯಬೇಕು. ಟ್ಯಾಂಕಿನ ತಳದಲ್ಲಿ ಸೇರುವ ನೀರನ್ನೂ ಹೊರಬಿಡಬೇಕು. ಅದು ಉಳಿದರೆ ವಾಲ್ವುಗಳಿಗೆ ತುಕ್ಕು.

ಹೊಸ ಮಾದರಿಯ ವಾಹನಕ್ಕೆ ಪರೀಕ್ಷೆ ಇನ್ನೂ ಕಠಿಣ. ಭಾರತದಲ್ಲಿ ಇದಕ್ಕೆ ಐಎಸ್ 11852 ಮಾನಕವಿದೆ. ವಿಶ್ವಸಂಸ್ಥೆಯ ಆರ್13 ನಿಯಮದ ಪ್ರಕಾರ, ಗಂಟೆಗೆ 60 ಕಿ.ಮೀ. ವೇಗದ ಭಾರಿ ಲಾರಿ ಸುಮಾರು 37 ಮೀಟರಿನೊಳಗೆ ನಿಲ್ಲಬೇಕು. ಗಾಳಿ ಕೊಳವೆಯುದ್ದಕ್ಕೂ ಹರಿಯಲು ಸಮಯ ಬೇಕು. ಹಾಗಾಗಿ ಪೆಡಲ್ ತುಳಿದ 0.6 ಸೆಕೆಂಡಿನೊಳಗೆ ಅತ್ಯಂತ ನಿಧಾನದ ಚಕ್ರದಲ್ಲೂ ಬ್ರೇಕ್ ಬಲ ಬರಬೇಕೆಂಬ ಮಿತಿಯಿದೆ. ಆ ವೇಗದಲ್ಲಿ ಅಷ್ಟು ಹೊತ್ತಿಗೆ ಲಾರಿ 10 ಮೀಟರ್ ಸಾಗಿರುತ್ತದೆ. ತುಂಬಿದ ಲಾರಿಯನ್ನು ಶೇ. 18ರ ಇಳಿಜಾರಿನಲ್ಲಿ ಪಾರ್ಕಿಂಗ್ ಬ್ರೇಕ್ ಹಿಡಿದು ನಿಲ್ಲಿಸಬೇಕು.

ಬಳಕೆಯಲ್ಲಿರುವ ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ನೆಲಮಂಗಲದಲ್ಲಿರುವಂಥ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಲ್ಲಿ ಒಂದೊಂದೇ ಆಕ್ಸಲಿನ ಚಕ್ರಗಳನ್ನು ತಿರುಗುವ ರೋಲರುಗಳ ಮೇಲಿಟ್ಟು ಬ್ರೇಕ್ ಹಾಕಿಸುತ್ತಾರೆ. ಪ್ರತಿ ಚಕ್ರದ ಬಲ ಬೇರೆಬೇರೆಯಾಗಿ ದಾಖಲಾಗುತ್ತದೆ. ಎಡಬಲಗಳ ಅಂತರ ಹೆಚ್ಚಾದರೆ ಜೋರಾಗಿ ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಅಂಥ ಗಾಡಿಯ ಲೈನರುಗಳನ್ನೂ, ಲೈನರಿಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರುಗಳನ್ನೂ ಸರಿಪಡಿಸಿ ಮತ್ತೆ ಪರೀಕ್ಷೆಗೆ ತರಬೇಕಾಗುತ್ತದೆ.